ಸೋಮವಾರದ ಗಾಲಿ

ಮಂಗಳವಾರ ಬೆಳಿಗ್ಗೆ ನನ್ನ ಚಹಾ ಕುದಿಯುವ ಮೊದಲೇ ಮಾಳಿಗೆಯ ಮೇಲಿನಿಂದ ಕೂಗು ಬರುತ್ತಿತ್ತು.

“ಅಕ್ಕೋರ, ಖಡು ತಗೊಂಡು ಬರ್ರಿ.”

ಖಡು ಎಂದರೆ ಶಾಲೆಯ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ. ಅದೂ ನೀಲಿಯದೇ ಬೇಕು. ಹಳದಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯದು ಕಾಣುವುದಿಲ್ಲ. ನಾನು ಮೇಲೆ ಹತ್ತುವಷ್ಟರಲ್ಲಿ ಪಕ್ಕದ ಮನೆಯ ಮಾಸ್ತರರು ಗೋಡೆಗೆ ಬೆನ್ನು ಕೊಟ್ಟು ಕೂತು, ಸೈಕಲ್ಲಿನ ಗಾಲಿಯನ್ನು ಅದರ ಅಚ್ಚಿನ ಎರಡೂ ತುದಿ ಹಿಡಿದು ಎದೆಯ ಮುಂದೆ ಎತ್ತಿಕೊಂಡಿರುತ್ತಿದ್ದರು. ಅವರ ತಂಗಿ ಗಾಲಿಯನ್ನು ಒಮ್ಮೆ ಜೋರಾಗಿ ತಿರುವಿ ಬಿಡುತ್ತಿದ್ದಳು. ನಾನು ಖಡುವನ್ನು ಅಂಚಿನ ಹತ್ತಿರ, ತಾಗಿಯೂ ತಾಗದ ಹಾಗೆ ಹಿಡಿಯಬೇಕು. ಗಾಲಿ ಎಲ್ಲಿ ಹೊರಗೆ ಉಬ್ಬಿದೆಯೋ ಅಲ್ಲಿ ನೀಲಿ ಗೀಟು ಬೀಳುತ್ತಿತ್ತು. ಗೀಟು ಉದ್ದವಾಗಿದ್ದರೆ ಅವರು ಮಾತಾಡುತ್ತಿರಲಿಲ್ಲ. ಗಿಡ್ಡವಾಗಿದ್ದರೆ, “ಸಾಕು ಬಿಡ್ರಿ, ನನಗಿಂತ ನೆಟ್ಟಗ ಐತಿ,” ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ತಂಗಿ ಹೇಳಿದ್ದಾಳೆ. ಸಿಂದಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ಹಿಂದಿ ಮಾಸ್ತರರು, ನಾನು ಸಮಾಜ ವಿಜ್ಞಾನ ಕಲಿಸುವವಳು. ಒಂದೇ ಮಾಳಿಗೆಯ ಕೆಳಗಿನ ಎರಡು ಬಾಡಿಗೆ ಮನೆಗಳಲ್ಲಿ ನಾವು ಇದ್ದೆವು. ನಡುವೆ ಒಂದು ಗೋಡೆ. ಅವರು ಬಚ್ಚಲಲ್ಲಿ ಕೆಮ್ಮಿದರೂ ನನಗೆ ಕೇಳುತ್ತಿತ್ತು. ಈಗ ಆ ಮನೆಗೆ ಬೇರೆ ಯಾರೋ ಬಂದಿದ್ದಾರೆ. ನಾನು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟಿದ್ದೇನೆ. ಜಾಗವಿದ್ದರೂ ಹಿಂದೆ ಹೋಗಿ ನಿಲ್ಲುತ್ತೇನೆ.

ಅವರು ಬಹಳ ಗಿಡ್ಡ. ಎಂಟನೆಯ ತರಗತಿಯ ಹುಡುಗರ ಸಾಲಿನಲ್ಲಿ ನಿಂತರೆ ಹೊಸಬರಿಗೆ ಮಾಸ್ತರರು ಯಾರೆಂದು ತಿಳಿಯುತ್ತಿರಲಿಲ್ಲ. ಎಡಗಾಲಿನ ಹಿಮ್ಮಡ ಅರ್ಧ ಇರಲಿಲ್ಲ. ಚಿಕ್ಕವರಿದ್ದಾಗ ನಾಲತವಾಡದ ಸಂತೆಯಿಂದ ಅಪ್ಪನ ಸೈಕಲ್ಲಿನ ಹಿಂದೆ ಕೂತು ಬರುವಾಗ ಕಾಲು ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿತ್ತಂತೆ. ಅಪ್ಪ ಏನೋ ತೊಡರಿತೆಂದು ಇನ್ನೊಂದು ಸಲ ತುಳಿದರಂತೆ. ಈ ಕತೆಯನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆದರೆ ಕಡ್ಡಿ ಗಾಲಿಯ ಸೈಕಲ್ಲು ಪಕ್ಕದಲ್ಲಿ ಹಾದುಹೋದರೆ ಅವರ ಎಡಗಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಗಾಗಿ ಅವರಿಗೆ ಆ ಹಳೆಯ ಬಿಎಂಎಕ್ಸ್. ಮುದ್ದೇಬಿಹಾಳದ ಒಬ್ಬ ವ್ಯಾಪಾರಿಯ ಮಗ ಆಡಿ ಬಿಟ್ಟ ಸೈಕಲ್ಲು. ಎತ್ತರ ಅವರಿಗೆ ಹೇಳಿ ಮಾಡಿಸಿದಂತಿತ್ತು. ಗಾಲಿಗಳಲ್ಲಿ ಕಡ್ಡಿಗಳಿಲ್ಲ, ನಡುವಿನಿಂದ ಅಂಚಿಗೆ ದಪ್ಪನೆಯ ಐದು ಪ್ಲಾಸ್ಟಿಕ್ ತೋಳುಗಳು. ಹಿಂದೆ ತಂಗಿ ಕೂರಲೆಂದು ಒಂದು ಕ್ಯಾರಿಯರ್ ಬೆಸೆಸಿದ್ದರು. ಅದಕ್ಕೇ ಹಿಂದಿನ ಗಾಲಿ ಸೊಟ್ಟಗಾಗುತ್ತಿತ್ತು. ಆ ಗಾಲಿ ಮಕ್ಕಳ ಭಾರಕ್ಕೆ ಮಾಡಿದ್ದು. ಇಬ್ಬರು ದೊಡ್ಡವರ ಭಾರ, ನಮ್ಮ ಕಡೆಯ ಬಿಸಿಲು, ಎರಡೂ ಸೇರಿ ವಾರದೊಳಗೆ ಅದು ಅಲೆಯಾಗುತ್ತಿತ್ತು. ಹುಡುಗರು ಆ ಸೈಕಲ್ಲಿಗೆ ಜಿಲೇಬಿ ಗಾಡಿ ಎಂದು ಹೆಸರಿಟ್ಟಿದ್ದರು. ಅವರ ಕಿವಿಗೂ ಬಿತ್ತು. ತರಗತಿಗೆ ಬಂದವರೇ, “ಜಿಲೇಬಿ ನೆಟ್ಟಗ ಇದ್ರ ಯಾವನರೆ ತಿಂತಾನೇನಲೇ?” ಎಂದು ಕೇಳಿ ಪುಸ್ತಕ ತೆರೆದರಂತೆ. ಅಂದಿನಿಂದ ಹುಡುಗರು ಅವರೆದುರಿಗೇ ಜಿಲೇಬಿ ಎನ್ನತೊಡಗಿದರು.

ಸಿಂದಗಿಯ ಸೈಕಲ್ ಅಂಗಡಿಯವನು ಕಡ್ಡಿಯ ಗಾಲಿ ಹಾಕಿಕೊಡುತ್ತೇನೆ, ಈ ಕಾಟ ತಪ್ಪುತ್ತದೆ ಎಂದು ಎಷ್ಟೋ ಸಲ ಹೇಳಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ಅವರು ಚಪ್ಪಲಿ ಬಿಟ್ಟು ಎಡಗಾಲನ್ನು ಅವನ ಸ್ಟೂಲಿನ ಮೇಲೆ ಇಟ್ಟರು.

“ನಂದು ತಿಂದೈತಿ. ತಂಗೀದೂ ತಿನ್ನಿಸ್ಲೇನು?”

ಅಂಗಡಿಯವನು ಮತ್ತೆ ಆ ಮಾತು ಎತ್ತಲಿಲ್ಲ. ಒಂದು ಸ್ಕೂಟಿ ತೆಗೆದುಕೊಳ್ಳಿ ಎಂದು ನಾನು ಹೇಳಿದ್ದಕ್ಕೆ ಅವರು ಬಹಳ ದಿನ ನನ್ನೊಂದಿಗೆ ಮಾತು ಬಿಟ್ಟರು. ಹಾಗೆ ಸಿಟ್ಟು ಬೇಗ, ಇಳಿಯುವುದು ತಡ. ಮಾತು ಬಿಟ್ಟ ದಿನಗಳಲ್ಲೂ ಮಂಗಳವಾರ ಮಾತ್ರ ಕರೆಯುತ್ತಿದ್ದರು. ಆಗ ಕರೆಯಲ್ಲಿ ‘ಅಕ್ಕೋರ’ ಇರುತ್ತಿರಲಿಲ್ಲ. “ಖಡು,” ಅಷ್ಟೇ.

ಗಾಲಿ ತಿದ್ದುವುದು ಸೋಮವಾರ. ಬಸವಣ್ಣನ ವಾರವೆಂದು ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎಷ್ಟೇ ಅವಸರದ ಬಿತ್ತನೆ ಇರಲಿ, ಎತ್ತು ಅಂದು ನಿಲ್ಲಬೇಕು. ಮಾಸ್ತರರು ಗುಡಿಗೆ ಹೋದದ್ದನ್ನು ನಾನು ಕಂಡಿಲ್ಲ. ಬಸವಣ್ಣನ ಊರಾದ ಬಾಗೇವಾಡಿಯ ಮೇಲೆ ಹಾದುಹೋದರೂ ಬಸ್ಸಿನಿಂದ ಇಳಿಯುತ್ತಿರಲಿಲ್ಲ. ಆದರೆ ಸೋಮವಾರ ಸೈಕಲ್ಲು ಹೊರಗೆ ತೆಗೆಯುತ್ತಿರಲಿಲ್ಲ. ಇದೂ ದುಡಿಯುವ ಪ್ರಾಣಿಯೇ, ಇದಕ್ಕೂ ಒಂದು ದಿನ ಬೇಡವೇ ಎನ್ನುತ್ತಿದ್ದರು. ಮೊದಲು ಅದು ಚೇಷ್ಟೆ ಇರಬೇಕು. ಆಮೇಲೆ ಚೇಷ್ಟೆ ಯಾವುದು, ನೇಮ ಯಾವುದು ಎಂದು ಅವರಿಗೂ ತಿಳಿಯುತ್ತಿರಲಿಲ್ಲವೇನೋ. ಒಂದು ಕಾರಹುಣ್ಣಿಮೆಗೆ ಊರವರು ಎತ್ತುಗಳ ಕೋಡು ಹೆರೆದು ಬಣ್ಣ ಹಚ್ಚುವುದನ್ನು ನೋಡಿ ಇವರು ಹ್ಯಾಂಡಲಿನ ಎರಡೂ ರಬ್ಬರ್ ಹಿಡಿಕೆಗಳನ್ನು ಕಿತ್ತು, ಕಬ್ಬಿಣದ ತುದಿಗಳಿಗೆ ಕೆಂಪು ಹುರಮಂಜು ಬಳಿದು, ಗೊಂಡೆ ಕಟ್ಟಿದರು. ಊರೇ ನಕ್ಕಿತು. ಗೊಂಡೆ ಉದುರಿಹೋಯಿತು. ಹಿಡಿಕೆ ಮರಳಿ ಹಾಕಲಿಲ್ಲ. ಸೋಮವಾರ ಬೆಳಿಗ್ಗೆ ಸೈಕಲ್ಲು ತೊಳೆದು ಕೋಡಿಗೆ ಹೊಸ ಹುರಮಂಜು ಹಚ್ಚುವುದು ರೂಢಿಯಾಯಿತು.

ಬಣ್ಣ ಹಚ್ಚಿದ ಮೇಲೆ ಹಿಂದಿನ ಗಾಲಿ ಬಿಚ್ಚಿ, ಟೈರು ಟ್ಯೂಬು ತೆಗೆದು ಮಾಳಿಗೆಗೆ ಒಯ್ಯುತ್ತಿದ್ದರು. ಅಲ್ಲಿ ಬಟ್ಟೆ ಒಗೆಯುವ ಒಂದು ಶಹಾಬಾದ ಫರಸಿಯ ಕಲ್ಲುಚಪ್ಪಡಿ ಇತ್ತು. ಅದರ ಮೇಲೆ ಗಾಲಿ ಮಲಗಿಸಿ, ಹಂಡೆಯ ಕುದಿನೀರು ಸುರಿದು, ಉಬ್ಬಿ ಕಂಡಲ್ಲೆಲ್ಲ ಕಲ್ಲು ಹೇರುವುದು. ಮೇಲೆ ಬಿಸಿಲು, ಕೆಳಗೆ ಕಾದ ಫರಸಿ. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ಕು ಮೆತ್ತಗಾಗಿ ಕಲ್ಲು ಹೇಳಿದಂತೆ ಕೇಳುತ್ತಿತ್ತು. ಆಮೇಲೆ ಯಾರೂ ಮುಟ್ಟಬಾರದು. ಇಡೀ ರಾತ್ರಿ ತಂಪಾಗಬೇಕು. ಮಂಗಳವಾರ ಬೆಳಿಗ್ಗೆಯೇ ಕಲ್ಲು ಎತ್ತುವುದು. ನಡುವೆ ಎತ್ತಿದರೆ ಮೊದಲಿಗಿಂತ ಕೆಡುತ್ತದೆ ಎನ್ನುತ್ತಿದ್ದರು. ಶಾಲೆಯಲ್ಲಿ ಯಾರಾದರೂ ಹುಡುಗ ಜಗಳಾಡಿ ಅಳುತ್ತ ನಿಂತಿದ್ದಾಗ ಹೆಡ್‌ಮಾಸ್ತರರು ಬಿಡದೆ ವಿಚಾರಣೆ ಮಾಡಿದರೆ ಇವರು ಸಣ್ಣ ದನಿಯಲ್ಲಿ, “ಸರ, ಇನ್ನೂ ಬಿಸಿ ಐತಿ. ನಾಳಿಗೆ ಎತ್ರಿ,” ಎನ್ನುತ್ತಿದ್ದರು. ನಮಗೆಲ್ಲ ಆ ಮಾತು ಬಾಯಿಪಾಠವಾಗಿತ್ತು.

ತಂಗಿಯ ವಿಷಯ ಹೇಳದೆ ಅವರ ವಿಷಯ ಹೇಳಲಾಗದು. ಬಸವನ ಬಾಗೇವಾಡಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅವಳನ್ನು ಕರೆತಂದು ತಮ್ಮ ಬಳಿ ಇಟ್ಟುಕೊಂಡರು. ಮದುವೆಗಾಗಿ ಬಿಟ್ಟಿದ್ದ ಬಿ.ಎ.ಯನ್ನು ಮತ್ತೆ ಹಿಡಿಸಿದರು. ಎಲ್ಲ ಆಗಿ ಇಂಗ್ಲಿಷ್ ಒಂದು ಪೇಪರು ಉಳಿದಿತ್ತು. ಹಿಂದಿನ ಸಲ ಅವಳು ಓದಿಕೊಂಡು ಹೊರಟಿದ್ದಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಇವರು ಮುಟ್ಟುವ ಹೊತ್ತಿಗೆ ಪರೀಕ್ಷೆಯ ಬಾಗಿಲು ಹಾಕಿತ್ತು. ಅವಳದು ಹಳೆಯ ಪಠ್ಯಕ್ರಮ. ಅದರವರಿಗೆ ಇದೇ ಕೊನೆಯ ಅವಕಾಶ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಈ ಪೇಪರು ಹೋದರೆ ಓದಿದ್ದೆಲ್ಲ ಹೋದಂತೆ. ಇತ್ತ ನಾಲತವಾಡದ ದಾಯಾದಿಗಳು ಅವಳಿಗೆ ಎರಡನೆಯ ಸಂಬಂಧ ಹುಡುಕಿ ಇಟ್ಟಿದ್ದರು. ಹೆಂಡತಿ ಸತ್ತ, ವಯಸ್ಸಾದ ಒಬ್ಬ. ಡಿಗ್ರಿ ಮುಗಿದರೆ ಇಂಡಿ ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಅವಳಿಗೆ ಇದ್ದ ದಾರಿ ಈ ಎರಡೇ.

ಆ ಪೇಪರು ಸೋಮವಾರ ಬಂತು, ಸಿಂದಗಿಯ ಕಾಲೇಜಿನಲ್ಲಿ, ಮಧ್ಯಾಹ್ನ ಎರಡಕ್ಕೆ.

ಮಾಸ್ತರರು ಬಸ್ಸನ್ನು ನಂಬಲಿಲ್ಲ. ಊರಿನ ಆಟೋದವನಿಗೆ ಮೊದಲೇ ಹೇಳಿಟ್ಟಿದ್ದರು. ಆ ಧೈರ್ಯದಲ್ಲಿ ಎಂದಿನಂತೆ ಬೆಳಿಗ್ಗೆ ಗಾಲಿ ಬಿಚ್ಚಿ ಕಲ್ಲು ಹೇರಿದರು. ಆಟೋದವನು ಮದುವೆಯ ಜನ ಹೇರಿಕೊಂಡು ಮುದ್ದೇಬಿಹಾಳಕ್ಕೆ ಹೋದವನು ಹೊತ್ತೇರಿದರೂ ಬರಲಿಲ್ಲ. ಬೇಸಿಗೆ ರಜೆ ಇತ್ತು. ನಾನು ಇಂಡಿಯ ತವರಿಗೆ ಹೊರಟು ಬ್ಯಾಗು ಹಿಡಿದು ಅಂಗಳಕ್ಕೆ ಬಂದೆ. ಮೇಲೆ ಕಲ್ಲು ಸರಿಸುವ ಸದ್ದು. ತಲೆ ಎತ್ತಿದರೆ ಅವರು ಗಾಲಿಯನ್ನು ಟವೆಲಿನಲ್ಲಿ ಹಿಡಿದುಕೊಂಡು ನಿಂತಿದ್ದರು. ಅಷ್ಟು ಬಿಸಿ ಇತ್ತು ಅದು.

ಇವತ್ತು ಸೋಮವಾರ ಅಲ್ಲವೇ ಎಂದು ಕೇಳಿದೆ.

“ಇವತ್ತೊಂದಿನ ಹೂಡಿದ್ರ ಬಸವಣ್ಣ ಸಿಟ್ಟಾಗಂಗಿಲ್ರಿ,” ಎಂದರು. “ಆಕಿ ಪೇಪರ್ ತಪ್ಪಿದ್ರ ನಾ ಆಗತೇನಿ.”

ಬಸ್ಸು ಬರುತ್ತದೆ, ಕಾಯಿರಿ ಎಂದೆ. ಹೋದ ಸಲವೂ ಬಂದಿತ್ತು ಎಂದರು. ನಾನು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಇಬ್ಬರೂ ಎದುರಿಗೇ ಹಾದುಹೋದರು. ತಂಗಿ ಒಂದು ಕಡೆಗೆ ಕಾಲು ಹಾಕಿ ಕೂತು, ಹಾಲ್ ಟಿಕೆಟ್ಟಿನ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ನನ್ನನ್ನು ನೋಡಿ ನಕ್ಕಳು. ಅವರು ಹೋಗಿ ಸ್ವಲ್ಪ ಹೊತ್ತಿಗೆ ಯಂಕಂಚಿಯ ಕಡೆಯಿಂದ ಬಸ್ಸು ಬಂದೇ ಬಂತು. ನನಗೆ ಸಿಕ್ಕಿದ್ದು ಎಲ್ಲರಿಗಿಂತ ಮುಂದಿನ ಸೀಟು, ದೊಡ್ಡ ಗಾಜಿನ ಹಿಂದೆ.

ಹಳ್ಳದ ಸೇತುವೆಯ ಹತ್ತಿರ ಅವರು ಕಂಡರು. ಡ್ರೈವರ್ ಹಾರ್ನ್ ಹೊಡೆದ. ಮಾಸ್ತರರು ಎಡಕ್ಕೆ ಸರಿದರು. ಬಸ್ಸು ಇನ್ನೇನು ಅವರ ಪಕ್ಕಕ್ಕೆ ಬರಬೇಕು, ಹಿಂದಿನ ಹಳದಿ ಗಾಲಿ ಕುಣಿಯತೊಡಗಿತು. ಅತ್ತ ಇತ್ತ ಹೊರಳಿ, ಒಮ್ಮೆಲೇ ಹಸಿ ಹಪ್ಪಳದ ಹಾಗೆ ಮಡಚಿತು. ಅವರು ಒಂದು ಕೈ ಹಿಂದೆ ಚಾಚಿ ತಂಗಿಯನ್ನು ಎಡಕ್ಕೆ, ರಸ್ತೆಯ ಅಂಚಿನ ಮಣ್ಣಿಗೆ ತಳ್ಳಿದರು. ತಳ್ಳಿದ ರಭಸಕ್ಕೆ ಸೈಕಲ್ಲು ಬಲಕ್ಕೆ ತಿರುಗಿ ನಮ್ಮ ಮುಂದೆ ಅಡ್ಡ ಬಿತ್ತು. ಬ್ರೇಕಿನ ಕಿರುಚು. ನಾನು ಮುಂದಿನ ಕಂಬಿಗೆ ಹೋಗಿ ಬಡಿದೆ. ಬಸ್ಸು ನಿಂತಿತು.

ಗಾಜಿನಲ್ಲಿ ರಸ್ತೆ ಇತ್ತು, ಸೇತುವೆ ಇತ್ತು, ಬಿಸಿಲು ಇತ್ತು. ಅವರು ಇರಲಿಲ್ಲ. ಬಸ್ಸಿನ ಮೂತಿಯ ಕೆಳಗೆ ಏನಿದೆ ಎಂದು ಕೂತಲ್ಲಿಂದ ಕಾಣುತ್ತಿರಲಿಲ್ಲ. ಡ್ರೈವರ್ ಇಂಜಿನ್ನು ಆರಿಸಿದ. ಅವನೂ ಇಳಿಯಲಿಲ್ಲ, ನಾನೂ ಏಳಲಿಲ್ಲ. ಈಗಲೂ ನಾನು ಕಣ್ಣು ಮುಚ್ಚಿದರೆ ಕಾಣುವುದು ಆ ಖಾಲಿ ರಸ್ತೆ.

ಆಮೇಲೆ ಗಾಜಿನ ಕೆಳಗಿನ ಅಂಚಿನಲ್ಲಿ ಒಂದು ಕೈ ಕಾಣಿಸಿತು. ಬೆರಳುಗಳು, ಅಂಗೈ, ತಲೆಗೂದಲು. ಗಿಡ್ಡ ಮನುಷ್ಯ ಪೂರ್ತಿ ಎದ್ದು ನಿಂತ ಮೇಲೂ ನಮಗೆ ಕಂಡದ್ದು ಮುಖ ಮಾತ್ರ. ಹಿಂದಿನಿಂದ ಯಾರೋ, “ಜಿಲೇಬಿ ಮಾಸ್ತರ್ರು ಅದಾರ್ರಿ, ಏನೂ ಆಗಿಲ್ಲ,” ಎಂದ. ಬಸ್ಸಿನ ತುಂಬ ನಗು ಹರಿಯಿತು. ಅಂಜಿದವರು ನಗುವ ನಗು.

ಇಳಿದು ಓಡಿದೆವು. ತಂಗಿಯ ಮೊಳಕೈ ತರಚಿತ್ತು, ಅಷ್ಟೇ. ಮಾಸ್ತರರ ಬಿಳಿ ಅಂಗಿಯ ಮೇಲೆ, ಹೊಟ್ಟೆಯ ಎಡಕ್ಕೆ, ಒಂದು ದುಂಡನೆಯ ಕೆಂಪು ಗುರುತು ಇತ್ತು. ಎಲ್ಲರೂ ಅದನ್ನೇ ನೋಡಿದೆವು. ಕಂಡಕ್ಟರ್ ಹತ್ತಿರ ಬಂದು ಬಗ್ಗಿದ. ಅವರು ಅದನ್ನು ಬೆರಳಿನಿಂದ ಒರೆಸಿ ನಮಗೆ ತೋರಿಸಿದರು.

“ರಕ್ತ ಅಲ್ರಿ. ಬಣ್ಣ. ಎತ್ತು ಹಾಯ್ತು.”

ಅದು ನಿಜವಾಗಿಯೂ ಬಣ್ಣವೇ. ಹ್ಯಾಂಡಲಿನ ತುದಿಯ ಹುರಮಂಜು. ಮೈಮೇಲೆ ಎಲ್ಲಿಯೂ ಒಂದು ಹನಿ ರಕ್ತವಿರಲಿಲ್ಲ. ಡ್ರೈವರ್ ಸಿಟ್ಟು, ಸಮಾಧಾನ ಎರಡೂ ಸೇರಿ ಅವರನ್ನು ಬೈದ, ಆಮೇಲೆ ಅವರ ಕೈ ಹಿಡಿದುಕೊಂಡ. ಸಿಂದಗಿಗೆ ಬನ್ನಿ, ದವಾಖಾನೆಗೆ ಹೋಗೋಣ ಎಂದು ಎಲ್ಲರೂ ಹೇಳಿದೆವು. ಅವರು ಕೇಳಲಿಲ್ಲ. ಸೈಕಲ್ಲು ಬಿಟ್ಟು ಬರುವುದಿಲ್ಲ, ಸಂಜೆಯ ಬಸ್ಸಿಗೆ ಏನಾದರೂ ಮಾಡುತ್ತೇನೆ ಎಂದರು. ತಂಗಿ ಅಳುತ್ತ ರಸ್ತೆಯಲ್ಲೇ ಕೂತುಬಿಟ್ಟಳು. ಪೇಪರು ಬೇಡ ಎಂದಳು.

“ಏಳು,” ಎಂದರು. “ಎರಡಕ್ಕ ಬಾಗಲಾ ಹಾಕ್ತಾರ. ನೀ ಇಲ್ಲಿ ಕುಂತ್ರ ನಾ ಬಿದ್ದದ್ದು ದಂಡ ಆಕ್ಕೈತಿ.”

ಅವಳು ಎದ್ದಳು. ಅವರು ನನ್ನ ಕಡೆ ತಿರುಗಿದರು.

“ಅಕ್ಕೋರ, ಈಕಿನ್ನ ಒಳಗ ಕುಂಡ್ರಿಸೇ ಬರ್ರಿ. ಅತ್ರ ಎರಡು ಬಡೀರಿ.”

ಬಸ್ಸು ಹೊರಟಿತು. ಅವರು ಸೇತುವೆಯ ಕಟ್ಟೆಯ ಮುಂದೆ ನಿಂತು ಒಂದು ಕೈ ಎತ್ತಿದರು. ಇನ್ನೊಂದು ಕೈ ಆ ಕೆಂಪು ಗುರುತಿನ ಮೇಲೆ ಇತ್ತು. ಬಣ್ಣ ಮುಚ್ಚಿಕೊಳ್ಳುತ್ತಿದ್ದಾರೆ ಅನ್ನಿಸಿತು ನನಗೆ.

ನಾನು ಇಂಡಿಗೆ ಹೋಗಲಿಲ್ಲ. ಅವಳನ್ನು ಪರೀಕ್ಷೆಯ ಕೋಣೆಯ ಬಾಗಿಲವರೆಗೆ ಬಿಟ್ಟು, ಕಾಲೇಜಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಅವರಿಗೆ ಫೋನ್ ಮಾಡಿದೆ. ತಕ್ಷಣ ಎತ್ತಿದರು. ಮೊದಲ ಮಾತೇ, “ಒಳಗ ಹ್ವಾದ್ಲಿಲ್ರಿ?” ಹೋದಳು ಎಂದೆ. ಒಂದು ದೊಡ್ಡ ಉಸಿರು ಕೇಳಿಸಿತು. ಗಾಲಿ ಬಿಚ್ಚಿ ಕಟ್ಟೆಯ ಮೇಲೆ ಇಟ್ಟಿದ್ದೇನೆ, ಕಟ್ಟೆ ಹಂಚಿನ ಹಾಗೆ ಕಾದಿದೆ, ಕಲ್ಲು ಹೇರಿದ್ದೇನೆ ಎಂದರು. ಹೇಗಿದ್ದೀರಿ ಎಂದು ಕೇಳಿದೆ.

“ನೀರಡಿಕಿ ಬಾಳ ಆಗಾಕತೈತ್ರಿ,” ಎಂದರು. “ಅಷ್ಟ.”

ಮೇ ತಿಂಗಳಲ್ಲಿ, ನಮ್ಮ ಕಡೆ, ಹಗಲು ರಸ್ತೆಯ ಮೇಲೆ ಇರುವ ಯಾರಿಗೆ ನೀರಡಿಕೆ ಆಗುವುದಿಲ್ಲ? ಹಳ್ಳದ ಪಕ್ಕದ ಹೊಲದಲ್ಲಿ ಬೋರ್ ಇದೆ, ಅಲ್ಲಿ ಕುಡಿಯಿರಿ ಎಂದೆ. ಹೂಂ ಎಂದರು. ಆಮೇಲೆ ಮಾಡಿದಾಗ ಫೋನ್ ರಿಂಗಾಗಿ ನಿಂತಿತು. ಮರದ ನೆರಳು ಸಿಕ್ಕಿ ನಿದ್ದೆ ಹತ್ತಿರಬೇಕು ಎಂದುಕೊಂಡೆ. ಅಂದುಕೊಳ್ಳಲು ಅದಕ್ಕಿಂತ ಸಹಜವಾದದ್ದು ಬೇರೆ ಏನಿತ್ತು?

ಅವಳು ಹೊರಗೆ ಬಂದಾಗ ಮುಖ ಅರಳಿತ್ತು. ಗೇಟಿನಿಂದಲೇ, “ಪಾಸಾಕ್ಕೇನ್ರಿ ಅಕ್ಕೋರ, ಎಲ್ಲಾ ಬರದೇನಿ,” ಎಂದಳು. ಅಣ್ಣನಿಗೆ ತಾನೇ ಹೇಳಬೇಕೆಂದು ನನ್ನ ಫೋನ್ ತೆಗೆದುಕೊಂಡಳು. ರಿಂಗಾಯಿತು. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಒಂದು ಟಂಟಂ ರಿಕ್ಷಾ ಹಿಡಿದು ಹೊರಟೆವು.

ಸೇತುವೆಯ ಹತ್ತಿರ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹೊಲದಿಂದ ಬಂದ ನಾಲ್ಕು ಜನ ಸುತ್ತ ನಿಂತಿದ್ದರು. ಮಾಸ್ತರರು ಕಟ್ಟೆಗೆ ಬೆನ್ನು ಕೊಟ್ಟು ಕೂತಿದ್ದರು, ಮಂಗಳವಾರ ಕೂರುತ್ತಿದ್ದ ಹಾಗೆಯೇ. ಮುಖ ಬಿಳಿ ಖಡುವಿನ ಬಣ್ಣವಾಗಿತ್ತು. ಕೈ ಅಂಗಿಯ ಕೆಂಪಿನ ಮೇಲೆ ಇತ್ತು, ಉಸಿರು ಇರಲಿಲ್ಲ. ಹ್ಯಾಂಡಲಿನ ತುದಿ ಹೊಡೆದು ಹೊಟ್ಟೆಯೊಳಗೆ ಗುಲ್ಮ ಎಂಬ ಅಂಗ ಒಡೆದಿದೆ, ರಕ್ತವೆಲ್ಲ ಒಳಗೇ ಹರಿದಿದೆ, ಹೊರಗೆ ತೋರುವುದಿಲ್ಲ ಎಂದು ಆಮೇಲೆ ಸಿಂದಗಿಯ ಡಾಕ್ಟರರು ಹೇಳಿದರು. ನೀರಡಿಕೆ ಅದರದೇ ಎಂದೂ ಹೇಳಿದರು.

ಅವರ ತಲೆಯ ಮೇಲೆ, ಕಟ್ಟೆಯ ಕಲ್ಲಿನ ಮೇಲೆ, ಹಳದಿ ಗಾಲಿ ಮಲಗಿತ್ತು. ಅದರ ಅಂಚಿನ ಸುತ್ತ ಹಳ್ಳದ ಕಲ್ಲುಗಳು, ಎಲ್ಲಿ ಬೇಕೋ ಅಲ್ಲಿ. ಕೊನೆಯವು ಬಹಳ ಸಣ್ಣವು, ಮುಷ್ಟಿಯಷ್ಟು. ದೊಡ್ಡವನ್ನು ಎತ್ತಲು ಆಗಿರಲಿಲ್ಲ.

ಅವರನ್ನು ಟಂಟಂನಲ್ಲಿ ಮಲಗಿಸಿದೆವು. ಸೈಕಲ್ಲನ್ನು ಟ್ರ್ಯಾಕ್ಟರಿನ ಮೇಲೆ ಹಾಕಿದರು. ಒಬ್ಬ ಮುದುಕ ಗಾಲಿಯನ್ನೂ ತರೋಣವೆಂದು ಒಂದು ಕಲ್ಲಿಗೆ ಕೈ ಹಾಕಿದ. ತಂಗಿ ಟಂಟಂನ ಒಳಗಿನಿಂದ, ಅಣ್ಣನ ತಲೆ ತೊಡೆಯ ಮೇಲೆ ಇಟ್ಟುಕೊಂಡೇ, ಹೇಳಿದಳು.

“ಎತ್ತಬ್ಯಾಡ್ರಿ ಯಪ್ಪಾ. ಇವತ್ತ ಸೋಮವಾರ ಐತಿ.”

ಮುದುಕನಿಗೆ ಏನು ಅರ್ಥವಾಯಿತೋ, ಕಲ್ಲನ್ನು ಇದ್ದಲ್ಲೇ ಇಟ್ಟು ಕೈ ಮುಗಿದ.

ಅವಳು ಪಾಸಾದಳು. ಈಗ ಇಂಡಿಯ ಆ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಹಲಸಂಗಿಯ ಕಡೆಯ ಒಂದು ಹಳ್ಳಿಯಲ್ಲಿ ಮನೆ ಮಾಡಿದ್ದಾಳೆ, ಬಸ್ಸಿನಲ್ಲಿ ಓಡಾಡುತ್ತಾಳೆ. ದಾಯಾದಿಗಳು ಸಂಬಂಧದ ಮಾತು ಬಿಟ್ಟಿದ್ದಾರೆ. ಮೊನ್ನೆ ಸಿಕ್ಕಾಗ ಆ ಮಧ್ಯಾಹ್ನದ ಪ್ರಶ್ನೆಗಳಲ್ಲಿ ಒಂದೂ ನೆನಪಿಲ್ಲ ಎಂದಳು.

ನನಗೆ ಮರೆಯದಿರುವುದು ಆ ಸೋಮವಾರದ ಮರುದಿನದ ಬೆಳಗು. ಆಸ್ಪತ್ರೆಯವರು ಇನ್ನೂ ಅವರನ್ನು ಕೊಟ್ಟಿರಲಿಲ್ಲ. ನಾಲತವಾಡದಿಂದ ಜನ ಬರುತ್ತಿದ್ದರು. ಅವಳು ನನ್ನ ಬಾಗಿಲಿಗೆ ಬಂದು, “ಖಡು ಐತೇನ್ರಿ?” ಎಂದಳು. ಇಬ್ಬರೇ ಸೇತುವೆಗೆ ಹೋದೆವು. ಕಟ್ಟೆ ತಣ್ಣಗಿತ್ತು. ಅವಳು ಒಂದೊಂದೇ ಕಲ್ಲು ಎತ್ತಿ ಕೆಳಗಿಟ್ಟಳು. ಅಣ್ಣ ಕೂತಿದ್ದ ಜಾಗದಲ್ಲೇ ಕೂತು, ಅಣ್ಣನ ಹಾಗೆಯೇ ಅಚ್ಚಿನ ಎರಡು ತುದಿ ಹಿಡಿದು ಗಾಲಿಯನ್ನು ಎದೆಯ ಮುಂದೆ ಎತ್ತಿಕೊಂಡಳು. ತಿರುವಲು ಮೂರನೆಯವರು ಇರಲಿಲ್ಲ. ಎಡಗೈಯಿಂದ ನಾನೇ ತಿರುವಿ, ಬಲಗೈಯಲ್ಲಿ ಖಡು ಹಿಡಿದೆ.

ಗಾಲಿ ಬಹಳ ಹೊತ್ತು ತಿರುಗಿತು. ನಿಂತ ಮೇಲೆ ನೋಡಿದರೆ ಒಂದೇ ಕಡೆ, ಉಗುರಿನಷ್ಟು ನೀಲಿ ಗೀಟು ಬಿದ್ದಿತ್ತು. ಅದು ಗಾಲಿಯ ಸೊಟ್ಟೋ, ನನ್ನ ಕೈಯ ನಡುಕವೋ, ಹೇಳಬೇಕಾದವರು ಇರಲಿಲ್ಲ.